ಎರಡು ಸೆಕೆಂಡಿನ ದೂರು

ಸರ್ಕಾರಿ ರೇಡಿಯೋವನ್ನು ಹೊಸ ನಿಗಮ ಮಾಡುವ ಕಾನೂನು ಬಂತು. ಹಳೆಯದರಿಂದ ಹೊಸದಕ್ಕೆ ದಾಟುವ ನಿಯಮಗಳೇ ನಲವತ್ತು ಪುಟ. ಕುರ್ಚಿ, ಮೈಕು, ಬಾಗಿಲು ಮುರಿದ ಬೀರು, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ದೂರು ವಿಭಾಗದ ಗುಮಾಸ್ತೆಗೂ ಇತ್ತು; ಅವಳ ಕೆಲಸಕ್ಕೇನೂ ಕುತ್ತು ಬಂದಿರಲಿಲ್ಲ. ಅವಳಿಗೆ ಗಾಬರಿಯಾದದ್ದು ಮೂವತ್ತೊಂದನೇ ಕಲಮು ಓದಿದಾಗ: ವಿಚಾರಣೆ ಶುರುವಾಗದ ಹಳೆಯ ದೂರುಗಳೆಲ್ಲ ಮುಂದಿನ ತಿಂಗಳ ಒಂದನೇ ತಾರೀಖಿಗೆ ರದ್ದು.

ಅವಳ ಬಳಿ ಉಳಿದಿದ್ದದ್ದು ಒಂದೇ ದೂರು. ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರದು. ಬೆಳಗಿನ ಏಳರ ವಾರ್ತೆಗೆ ಮುಂಚೆ ಸಮಯ ಸಾರುವ ‘ಟೂಂ’ ಸದ್ದು ಎರಡು ಸೆಕೆಂಡು ತಡ ಎಂದು ಒಂಬತ್ತು ವರ್ಷದಿಂದ ವಾರಕ್ಕೊಂದು ಕಾಗದ. ಕೊನೆಯಲ್ಲಿ, ‘ತಾಯೀ, ನಿನ್ನ ಕೆಮ್ಮು ಹೇಗಿದೆ? ನನ್ನ ಮೊಣಕಾಲು ನನ್ನ ಮಾತೇ ಕೇಳುತ್ತಿಲ್ಲ’ ಎಂಬಂಥ ಎರಡು ಸಾಲು. ‘ಪರಿಶೀಲನೆಯಲ್ಲಿದೆ’ ಎಂದು ಬರೆದು, ಕೆಳಗೆ ಅವಳೂ ಎರಡು ಸಾಲು ಸೇರಿಸುತ್ತಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು. ಅವಳ ಕ್ಷೇಮ ಕೇಳುತ್ತಿದ್ದ ಕಾಗದ ಅದೊಂದೇ.

ದೂರು ಬದುಕಬೇಕಾದರೆ ವಿಚಾರಣೆ ಶುರುವಾಗಬೇಕು. ಮೇಲಧಿಕಾರಿಯ ತಲೆ ತಿಂದು ಮೂವತ್ತನೇ ತಾರೀಖಿಗೆ ಗೊತ್ತುಮಾಡಿಸಿದಳು. ಇಂಜಿನಿಯರು ಮುಖ ಗಂಟುಹಾಕಿಕೊಂಡು ಬಂದು ಕೂತ. ಮುದುಕರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದಿದ್ದರು.

“ಹೌದು ಯಜಮಾನ್ರೇ, ಎರಡು ಸೆಕೆಂಡು ತಡಾನೇ,” ಎಂದ ಇಂಜಿನಿಯರು. “ಸಿಗ್ನಲ್ಲು ಎಲ್ಲೆಲ್ಲೋ ಸುತ್ತಾಡ್ಕೊಂಡು ಬರುತ್ತೆ. ಏನೂ ಮಾಡೋಕಾಗಲ್ಲ.”

ಮುದುಕರ ಮುಖ ಅರಳಿತು. “ಹಾಗಾದ್ರೆ ನನ್ನ ಗಡಿಯಾರ ಸರಿ! ಇಷ್ಟು ಒಪ್ಕೊಂಡ್ರಲ್ಲ, ಸಾಕು. ದೂರು ವಾಪಸ್ ತಗೋತೀನಿ.”

“ಅವಸರ ಬೇಡಿ, ವಿಚಾರಣೆ ಮುಂದಕ್ಕೆ ಹಾಕಬಹುದು,” ಎಂದಳು ಗುಮಾಸ್ತೆ.

“ಬೇಡ ತಾಯಿ. ಒಂಬತ್ತು ವರ್ಷ ನಿನ್ನ ಜೀವ ಹಿಂಡಿದ್ದೀನಿ. ಇನ್ನು ನನ್ನ ಕಾಟ ಇಲ್ಲ, ಆರಾಮಾಗಿರು.”

ಅದು ಕಾಟವಾಗಿರಲಿಲ್ಲ ಎನ್ನಲು ಬಾಯಿ ತೆರೆದಳು. ಇಂಜಿನಿಯರು ಎದುರಿಗೇ ಆಕಳಿಸುತ್ತಿದ್ದ, ನಾಚಿಕೆಯಾಯಿತು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದಳು.

ಮರುದಿನ ಬೆಳಿಗ್ಗೆ ತನ್ನ ಕೋಣೆಯಲ್ಲಿ ರೇಡಿಯೋ ಹಾಕಿ, ಮೊಬೈಲಿನಲ್ಲಿ ಸಮಯ ನೋಡುತ್ತ ಕೂತಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಏಳಾಯಿತು. ಒಂದು, ಎರಡು. ಆಮೇಲೆ ಟೂಂ.

ಅವರ ವಿಳಾಸ ಬಾಯಿಪಾಠವಾಗಿತ್ತು. ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. ಆದರೆ ದೂರೇ ಇಲ್ಲದ ಮೇಲೆ ಯಾವ ನೆಪದಲ್ಲಿ ಬರೆಯುವುದೆಂದು ಅವಳಿಗೆ ತಿಳಿಯಲಿಲ್ಲ.