ನೆಲಕ್ಕೆ ಹಾಸಿದ ಬೀಸುಕಲ್ಲುಗಳು

ನಮ್ಮ ಮಠದ ಅತಿಥಿಕೋಣೆಯ ನೆಲಕ್ಕೆ ಹಾಸಿದ್ದು ಊರವರ ಬೀಸುಕಲ್ಲುಗಳನ್ನು. ಕಾಳನ್ನು ಮಠದ ಗಿರಣಿಯಲ್ಲೇ ಬೀಸಿಸಿ ಮಠಕ್ಕೆ ಪಾಲು ಕೊಡಬೇಕು, ಮನೆಯಲ್ಲಿ ಬೀಸಕೂಡದು ಎಂದು ಹಿಂದಿನ ಮಠಾಧಿಪತಿಗಳು ಮನೆಮನೆಯಿಂದ ಕಿತ್ತು ತರಿಸಿದ್ದರು. ಅವುಗಳ ಮೇಲೆ ಕುರ್ಚಿ ಹಾಕಿಕೊಂಡು ನಾವು ದ್ರಾಕ್ಷಾರಸ ಕುಡಿದೆವು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಈ ಬೇಸಿಗೆಯಲ್ಲಿ ರೈತರ ದಂಗೆಯಿಂದ ಇಂಗ್ಲೆಂಡೆಲ್ಲ ಹೊತ್ತಿ ಉರಿದಾಗ ನಮ್ಮೂರವರೂ ಹಾರೆ ಹಿಡಿದು ಬಂದರು. ಮುಂದೆ ಇದ್ದವನು ಮನೆಗಳಿಗೆ ಹುಲ್ಲು ಹೊದಿಸುವ ಹ್ಯಾಮೊ. ಮಠದ ವೃತ್ತಾಂತ ಬರೆಯುವವನು ನಾನು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಕಣ್ಣಾರೆ ಕಂಡೆ. ಒಬ್ಬ ಸನ್ಯಾಸಿಯ ಮೈಯನ್ನೂ ಅವರು ಮುಟ್ಟಲಿಲ್ಲ. ನೆಲ ಅಗೆದರು, ಅಷ್ಟೇ. ಹ್ಯಾಮೊ ತನ್ನ ಅವ್ವನ ಕಲ್ಲನ್ನು ಗುರುತು ಹಿಡಿದು ಅಂಗಿಯ ತೋಳಿನಿಂದ ಒರೆಸಿದ. ಒಡೆದ ಕಲ್ಲುಗಳ ಚೂರುಗಳನ್ನು, ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಪ್ರಸಾದದ ರೊಟ್ಟಿ ಹಂಚುವ ಹಾಗೆ, ಎಲ್ಲರ ಕೈಗೂ ಹಾಕಿದ. ಮುದುಕರು ಅವಕ್ಕೆ ಮುತ್ತಿಟ್ಟರು. ಒಡೆಯದೆ ಉಳಿದ ಕಲ್ಲುಗಳನ್ನು ಅವರವರು ಮನೆಗೆ ಹೊತ್ತೊಯ್ದರು.

ಈಗಿನ ಮಠಾಧಿಪತಿಗೆ ಆ ಚೂರುಗಳೇ ನೆವವಾದವು. ದಂಗೆ ಅಡಗಿ ರಾಜನ ನ್ಯಾಯಾಧೀಶ ಬಂದಾಗ ನನ್ನನ್ನು ಕರೆಸಿದರು.

"ವುಲ್ಸ್ಟನ್, ಕೊಲ್ಲೋಕೆ ಬಂದ್ರು ಅಂತ ಬರಿ. ದೇವರ ರೊಟ್ಟೀನ ಅಣಕಿಸಿದ್ರು ಅಂತಾನೂ ಸೇರಿಸು. ನಾಳೆ ನ್ಯಾಯಸ್ಥಾನದಲ್ಲಿ ನೀನೇ ಓದ್ಬೇಕು."

"ಕೊಲ್ಲೋಕೆ ಬಂದಿರ್ಲಿಲ್ಲ ಗುರುಗಳೇ. ಯಾರಿಗೂ ಒಂದೇಟು ಬಿದ್ದಿಲ್ಲ."

"ನಿನಗೆ ರೊಟ್ಟಿ ಹಾಕ್ತಿರೋದು ಯಾರಯ್ಯ? ಹ್ಯಾಮೊನ ಅವ್ವನಾ?"

ಹೌದು, ಅವಳೇ! ಅವಳ ಕಾಳಿನ ಪಾಲೇ ಅಲ್ಲವೇ ನಮ್ಮ ತಟ್ಟೆಗೆ ಬರುತ್ತಿದ್ದುದು? ಮೈಯೆಲ್ಲ ಉರಿದುಹೋಯಿತು. ಕಂಡದ್ದನ್ನೇ ಬರೆದೆ. ಮಾರನೆಯ ದಿನ ಗಟ್ಟಿಯಾಗಿ ಓದಿದೆ.

ನ್ಯಾಯಾಧೀಶ ಆಕಳಿಸಿದ. "ನೆಲ ಅಗೆದದ್ದು ನಿಜ ತಾನೇ? ಸಾಕು ಬಿಡಿ," ಎಂದ. ಊಟಕ್ಕೆ ಏಳುವ ಮುಂಚೆ ಹ್ಯಾಮೊನನ್ನು ನೇಣಿಗೆ ಹಾಕಿಸಿದ. ನಾನು ಬರೆದ ಚರ್ಮದ ಹಾಳೆಯನ್ನು ಮಠಾಧಿಪತಿ ಚಾಕುವಿನಿಂದ ಹೆರೆಸಿ, ಅದರ ಮೇಲೆಯೇ 'ಹುಚ್ಚುನಾಯಿಗಳು ನುಗ್ಗಿದವು' ಎಂದು ಬೇರೊಬ್ಬನಿಂದ ಬರೆಸಿದರು. ಕಲ್ಲುಗಳನ್ನು ವಾಪಸು ತರಿಸಿ ಮತ್ತೆ ನೆಲಕ್ಕೆ ಹಾಸಿದರು. ಒಂದು ಮಾತ್ರ ಸಿಗಲಿಲ್ಲ. "ಹೊಳೆಗೆ ಎಸೆದೆ," ಎಂದಳಂತೆ ಹ್ಯಾಮೊನ ಅವ್ವ ಎಮ್ಮಟ್.

ನನ್ನನ್ನು ಗಿರಣಿಗೆ ಅಟ್ಟಿದರು. ಬೀಸಿಸಲು ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡಿ ಹೇಳುವ ಕೆಲಸ. ಊರವರು ಹಿಟ್ಟು ಹೊತ್ತು ಹೋಗುವಾಗ ನನ್ನ ಕಾಲ ಬುಡಕ್ಕೆ ಉಗುಳುತ್ತಾರೆ. ಉಗುಳಲಿ. ನಿಜ ಹೇಳಿ ಒಂದು ಕೊರಳನ್ನೂ ಉಳಿಸಲಾಗದವನಿಗೆ ಅಷ್ಟಾದರೂ ಬೇಡವೇ?

ನಿನ್ನೆ ಮಠದ ಪಾರುಪತ್ಯಗಾರ ಬಂದಿದ್ದ.

"ಆ ಮುದುಕಿ ಎಮ್ಮಟ್ ಇಲ್ಲಿಗೆ ಬರ್ತಾಳೇನಯ್ಯ? ಮನೇಲೇ ಬೀಸ್ಕೋತಾಳೆ ಅಂತ ಸುದ್ದಿ."

ಮಗ ಸತ್ತ ಮೇಲೆ ಆಕೆ ಗಿರಣಿಯ ದಾರಿ ತುಳಿದಿಲ್ಲ. ಅವಳ ಗುಡಿಸಲ ಮುಂದೆ ಹಾದುಹೋಗುವಾಗ ಒಳಗಿನ ಗರಗರ ಸದ್ದನ್ನು ನಾನೇ ಕೇಳಿದ್ದೇನೆ.

"ತಪ್ಪದೆ ಬರ್ತಾಳೆ," ಎಂದೆ, ಅವನ ಕಣ್ಣಲ್ಲಿ ಕಣ್ಣಿಟ್ಟು. "ಬೇಕಾದ್ರೆ ಬರ್ಕೊಳ್ಳಿ ಸ್ವಾಮಿ. ಸನ್ಯಾಸಿ ಮಾತು."