ಎರಡು ಲೀಟರ್ ಉಸಿರು

ರಾಬರ್ಟ್‌ಸನ್‌ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಶ್ಯಾಮಲಾ ಎಂದರೆ ಬಾಟಲಿ ಹಿಡಿದು ಬಂದವರಿಗೆಲ್ಲ ಭಯ. ಗಾಡಿಯ ಟ್ಯಾಂಕಿಗಲ್ಲದೆ ಬೇರೆ ಯಾವುದಕ್ಕೂ ಒಂದು ತೊಟ್ಟೂ ಹಾಕುವವಳಲ್ಲ. ನಿಯಮ ಬರೆದವರೇ ಬಂದು ಬೇಡಿದ್ದರೂ ವಾಪಸ್ ಕಳಿಸುತ್ತಿದ್ದಳೇನೋ. ಅವತ್ತು ಬೆಳಿಗ್ಗೆ ಕ್ಯಾಸಂಬಳ್ಳಿಯ ಮುನಿಸ್ವಾಮಪ್ಪ ಹುಲ್ಲು ಕತ್ತರಿಸುವ ಮೆಷಿನ್ನಿಗೆಂದು ಕ್ಯಾನು ಚಾಚಿದಾಗಲೂ "ಆಗಲ್ಲ ತಾತ" ಎಂದು ಮುಖ ತಿರುಗಿಸಿದ್ದಳು. ಮುದುಕ ಮೊಪೆಡ್ಡನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಇವಳ ಮನಸ್ಸು ಕರಗೀತೆಂದು ಅಲ್ಲೇ ಕೂತುಬಿಟ್ಟಿದ್ದ.

ಕರಗಲು ಆ ಮನಸ್ಸು ಅಲ್ಲಿದ್ದರೆ ತಾನೆ! ಬಿಸಿಲೇರಿದಂತೆ ಪೆಟ್ರೋಲ್ ಪೈಪಿನ ತುದಿಯ ನಾಜಲ್ಲಿನ ಬಾಯಿಂದ ಆವಿಯೆದ್ದು, ಎದುರಿನ ಅಂಗಡಿಸಾಲು ನೀರಿನೊಳಗೆ ಇದ್ದಂತೆ ತೂಗಾಡುತ್ತಿತ್ತು. ಟ್ರೈನಿಂಗ್ ಕೊಡಲು ಬಂದಿದ್ದ ಮೇಡಂ ಹೇಳಿದ್ದರು: ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ, ಕಣ್ಣಿಗೂ ಕಾಣದ ಜೀವಗಳು ಸತ್ತು, ಕೆಸರಲ್ಲಿ ಹೂತು, ಬೆಂದು ಎಣ್ಣೆಯಾದವಂತೆ. ಜನ ಮೊದಲು ಅದರಿಂದ ದೀಪ ಹಚ್ಚಿದರಂತೆ, ಆಮೇಲೆ ಗಾಡಿ ಓಡಿಸಿದರಂತೆ. ಈಗಂತೂ ಅದಿಲ್ಲದೆ ಹಾಲು ಡೇರಿ ಮುಟ್ಟುವುದಿಲ್ಲ, ಮದುವೆ ದಿಬ್ಬಣ ಹೊರಡುವುದಿಲ್ಲ. ಸಮುದ್ರವನ್ನೇ ಕಾಣದ ಶ್ಯಾಮಲಾ ದಿನವಿಡೀ ಸಮುದ್ರವನ್ನು ಬಡಿಸುತ್ತಿದ್ದಳು. ಪೈಪಿನೊಳಗೆ ಆ ಜೀವಗಳು ಮಿಸುಕಿದ್ದು ಅಂಗೈಗೆ ತಾಗಿದಂತಾಗುತ್ತಿತ್ತು.

ಹೇಳಿದರೆ, ಮಗಳನ್ನು ಮುದ್ದಿನಿಂದ 'ಕಣ್ಣು' ಎನ್ನುವ ಅಪ್ಪ ಪೆರುಮಾಳ್ ನಗುತ್ತಿದ್ದರು. ಅವರು ಚಿನ್ನದ ಗಣಿ ಮುಚ್ಚುವವರೆಗೂ ಅದರ ಹೊಟ್ಟೆಯಲ್ಲಿ ದುಡಿದವರು. "ನಾನು ಎಷ್ಟು ಕೆಳಗೆ ಓಗಿಲ್ಲ ಕಣ್ಣು? ಮೀನೂ ಇಲ್ಲ ಗೀನೂ ಇಲ್ಲ. ಬರೀ ಕಲ್ಲು, ಬರೀ ಬಿಸಿ." ಆ ಕಲ್ಲಿನ ಧೂಳೇ ಅವರ ಎದೆಯಲ್ಲಿ ಕೂತಿತ್ತು. ಚಾಂಪಿಯನ್ ರೀಫ್ಸ್‌ನ ಎರಡು ಕೋಣೆಯ ಮನೆಯಲ್ಲಿ ಆಕ್ಸಿಜನ್ ಮೆಷಿನ್ನು ಗುರುಗುಡುತ್ತಿರುವ ತನಕ ಅವರಿದ್ದರು. ಅದು ನಿಂತರೆ ಏನೆಂದು ಶ್ಯಾಮಲಾ ಯಾವತ್ತೂ ಪೂರ್ತಿ ಯೋಚಿಸಿರಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಸೆಲ್ವರಾಜ್ ಫೋನು ಮಾಡಿದ. ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಳಿಗ್ಗೆಯಿಂದ ಕರೆಂಟಿಲ್ಲ. ಸುತ್ತಲ ಸೀಮೆಯೆಲ್ಲ ಎಣ್ಣೆದೀಪ ಹಚ್ಚುತ್ತಿದ್ದ ಕಾಲದಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರಿನ ಕತೆ ಇದು! ತನ್ನ ಮೈಕ್‌ಸೆಟ್ಟಿನ ಜನರೇಟರಿನಲ್ಲಿ ಅವನು ಇಷ್ಟೊತ್ತೂ ಮೆಷಿನ್ ಓಡಿಸಿದ್ದ.

"ಪೆಟ್ರೋಲು ಖಾಲಿ ಅಕ್ಕಾ. ಅಪ್ಪಂಗೆ ಆಕ್ಸಿಜನ್ನಿಂದು ಸಣ್ಣ ಸಿಲಿಂಡರ್ ಆಕಿದ್ದೀನಿ, ಮುಕ್ಕಾಲು ಗಂಟೆ ಬತ್ತದೆ ಅಷ್ಟೆ. ಬೇಗ ತಗೊಂಡ್ ಬಾ."

ಕೈಯಲ್ಲಿ ನಾಜಲ್ಲು, ಕಾಲಡಿಯಲ್ಲಿ ಸಾವಿರಾರು ಲೀಟರ್, ತಲೆಯ ಮೇಲೆ ಕ್ಯಾಮೆರಾ. ತನಗೊಂದು ಗಾಡಿಯೂ ಇಲ್ಲ, ಬಂದದ್ದು ಶೇರ್ ಆಟೋದಲ್ಲಿ. ಎಷ್ಟು ಜನ ಹೀಗೇ ಬಾಟಲಿ ಹಿಡಿದು ನಿಂತಿದ್ದರು, ಯಾಕೆಂದು ಒಬ್ಬರನ್ನಾದರೂ ಕೇಳಿದ್ದೆನಾ ಎಂದುಕೊಂಡಳು. ಹೊಂಗೆ ಮರದತ್ತ ಓಡಿದಳು.

"ತಾತಾ, ಗಾಡಿ ತನ್ನಿ. ಎರಡು ಲೀಟರ್ ಹಾಕ್ತೀನಿ, ನಮ್ಮ ಮನೆಗೆ ಬಿಡಿ. ನಮ್ಮಪ್ಪನ ಉಸಿರು ಅದರಲ್ಲಿದೆ."

ಮುನಿಸ್ವಾಮಪ್ಪ ಗಾಡಿಯನ್ನು ಪಂಪಿನ ಬಳಿ ತಂದ, ಅವಳು ಟ್ಯಾಂಕಿಗೆ ಎರಡು ಲೀಟರ್ ಹಾಕಿದಳು. ನಾಜಲ್ಲನ್ನು ಜೊತೆಗೆ ಕೆಲಸ ಮಾಡುವವಳ ಕೈಗಿಟ್ಟು ಹಿಂದೆ ಹತ್ತಿದಳು. ದಾರಿಯಲ್ಲಿ ಗಣಿಮಣ್ಣಿನ ಬೂದು ದಿಬ್ಬಗಳು ನಿಧಾನಕ್ಕೆ ಹಿಂದೆ ಸರಿದವು. ನೀರು ಇಂಗಿಹೋದ ಸಮುದ್ರದ ತಳದಲ್ಲಿ ಮೊಪೆಡ್ಡು ತೇಲುತ್ತಿದೆ ಅನ್ನಿಸಿತು ಅವಳಿಗೆ. ಎಷ್ಟು ಹೋದರೂ ಮನೆ ಬರಲೊಲ್ಲದು.

ಬಂತು. ಮುದುಕ ಟ್ಯಾಂಕಿನ ಕೆಳಗಿನ ಪೈಪು ಕಿತ್ತು ಕ್ಯಾನಿಗೆ ಪೆಟ್ರೋಲು ಇಳಿಸಿದ. "ಕೊನೆಗೂ ನನ್ನ ಕ್ಯಾನಿಗೇ ಆಕಿಸ್ದೆ ನೋಡಮ್ಮಿ" ಎಂದು ಛೇಡಿಸಿದ. ಅವಳಿಗೆ ನಗು ಅಳು ಎರಡೂ ಒಟ್ಟಿಗೇ ಬಂದವು. ಹಿತ್ತಲಲ್ಲಿ ಸೆಲ್ವರಾಜ್ ಅದನ್ನು ಜನರೇಟರಿಗೆ ಸುರಿದು, ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಮೂರನೇ ಸಲಕ್ಕೆ ಜನರೇಟರು ಚಾಲೂ ಆಯಿತು, ಒಳಗೆ ಮೆಷಿನ್ನು ಗುರುಗುಟ್ಟಿತು. ಪೆರುಮಾಳರ ತುಟಿಯ ನೀಲಿ ಮೆಲ್ಲಗೆ ತಿಳಿಯಾಯಿತು.

ಅವರು ಬಹಳ ಹೊತ್ತು ಮಗಳ ಕೈಯ ಪೆಟ್ರೋಲು ವಾಸನೆ ಮೂಸುತ್ತಾ ಮಲಗಿದ್ದರು.

"ಸತ್ತೋಗಿರೋವು ನನಗೆ ಉಸಿರು ಕೊಡ್ತಾವೆ, ಅಲ್ವಾ?"

"ಹೂಂ ಅಪ್ಪಾ."

"ಒಂದ್ಸಲ ಆಫ್ ಮಾಡು ಕಣ್ಣು."

"ಯಾಕಪ್ಪಾ!"

"ಉಸಿರಾಡ್ತಿರೋದು ನಾನಾ, ಅದಾ, ಗೊತ್ತಾಗ್ಬೇಕು."

ಬೇಡವೆನ್ನಲು ಬಾಯಿ ತೆರೆದಳು. ಅವರ ಕಣ್ಣಿನಲ್ಲಿ ಹೆದರಿಕೆಯಿರಲಿಲ್ಲ, ಆಸೆಯಿತ್ತು. ಸ್ವಿಚ್ಚು ಒತ್ತಿದಳು. ಗುರುಗುಡುವ ಸದ್ದು ನಿಂತು ಕೋಣೆ ತಣ್ಣಗಾಯಿತು. ಪೆರುಮಾಳ್ ಒಂದು ಉಸಿರೆಳೆದರು. ಇನ್ನೊಂದು. ಕುತ್ತಿಗೆಯ ನರಗಳೆಲ್ಲ ಎದ್ದು ಮತ್ತೊಂದು. ನಾಲ್ಕನೆಯದು ಗಂಟಲಲ್ಲೇ ಸಿಕ್ಕಿಕೊಂಡಿತು, ಅವಳು ಸ್ವಿಚ್ಚು ಹಾಕಿದಳು.

ಮಾತು ಬರಲು ಹೊತ್ತು ಹಿಡಿಯಿತು. ಅವರ ಮುಖ ಅರಳಿತ್ತು.

"ಮೂರು ನನ್ನವು" ಎಂದರು.

ಆ ಮೂರೂ ಮುಗಿಯುವ ತನಕ ತಾನು ಉಸಿರಾಡಿರಲೇ ಇಲ್ಲ ಎಂದು ಶ್ಯಾಮಲಾಗೆ ಆಗ ಗೊತ್ತಾಯಿತು.