ಮುಚ್ಚಿದ್ದೆಲ್ಲ ತೆಗೆಯಿರಿ

ಮೂಡಲಪಾಳ್ಯದ ಅಂಜಮ್ಮನಿಗೆ ದೇವರ ಮೇಲೆ ಭಕ್ತಿ ಹೆಚ್ಚು, ಮನುಷ್ಯರ ಮೇಲೆ ನಂಬಿಕೆ ಕಡಿಮೆ. ಬೆಳಗೆದ್ದು ಗಂಗಮ್ಮನಿಗೆ ಕೈಮುಗಿಯುವಾಗ ಬೆಣ್ಣೆಯಂತಿದ್ದ ದನಿ, ಗಂಡ ವೆಂಕಟಸ್ವಾಮಿಯನ್ನು ಕಾಫಿಗೆ ಕರೆಯುವ ಹೊತ್ತಿಗೆ ಈಳಿಗೆಮಣೆಯಾಗಿರುತ್ತಿತ್ತು. ಅದಕ್ಕೆ ಕಾರಣವೂ ಇತ್ತೆನ್ನಿ. ವೆಂಕಟಸ್ವಾಮಿ ಊರ ನೀರಗಂಟಿ. ತಾತನ ಕಾಲದಿಂದ ಅವರ ಮನೆಯವರದು ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುವ ಕೆಲಸ. ಈಗ ಗದ್ದೆಗಳೆಲ್ಲ ಸೈಟಾಗಿ, ಕೆರೆಗೆ ಮಣ್ಣು ಬಿದ್ದು, ಅದರ ಮೇಲೆ ಸಿಟಿ ಬಸ್ಸು ತಿರುಗಿಕೊಳ್ಳುತ್ತಿತ್ತು. ನೀರು ಹೋಗಿ ಗಂಟು ಮಾತ್ರ ಉಳಿದಿತ್ತು.

ಕೆರೆ ಕೋಡಿ ಬಿದ್ದಾಗ, ಅಂದರೆ ತುಂಬಿ ಚೆಲ್ಲಿದಾಗ, ಹೆಚ್ಚಾದ ನೀರು ಹರಿದು ಹೋಗಲೆಂದು ಹಿರಿಯರು ತೋಡಿದ ಕಾಲುವೆಯೊಂದು ವೆಂಕಟಸ್ವಾಮಿಯ ಹಿತ್ತಲನ್ನು ಹಾದು ಹೋಗುತ್ತಿತ್ತು. ಊರಿಗೆಲ್ಲ ನೀರಿನ ದಾರಿ ತೋರಿಸಿದ ಮಹಾನುಭಾವ ಅದಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆ ಎಬ್ಬಿಸಿ, ಈಚೆ ಬದಿಗೆ ಮಣ್ಣು ತುಂಬಿ, ಅಂಗಡಿ ಸಾಲು ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. "ಕೆರೇನೇ ಇಲ್ಲ, ಕಾಲುವೆ ಯಾತಕ್ಕೆ?" ಎಂಬುದು ಅವನ ತರ್ಕ. ಮಳೆನೀರಿಗೆ ತರ್ಕ ತಿಳಿಯದು. ಅದು ಹಳೆಯ ಅಡ್ರೆಸ್ಸು ಮರೆಯದೆ ಬಂದು, ಗೋಡೆಯ ಆಚೆ ನೆರೆಮನೆಯ ಹನುಮಕ್ಕನ ಹಿತ್ತಲಲ್ಲಿ ಮೊಣಕಾಲುದ್ದ ನಿಂತು, ಬಾಗಿಲು ತೆಗೆಯುವವರಿಗಾಗಿ ಕಾಯುತ್ತಿತ್ತು.

ಎಂಬತ್ತೇಳನೇ ಇಸವಿಯ ಆಷಾಢದಲ್ಲಿ ಸೊಸೆ ಮುನಿಲಕ್ಷ್ಮಿಗೆ ಆರು ತಿಂಗಳು. ಮದುವೆಯಾಗಿ ಬಹಳ ಕಾಲದ ಮೇಲೆ ನಿಂತ ಬಸಿರು. ತಿಂಗಳಿಗೆ ತಕ್ಕ ಹೊಟ್ಟೆ ಬಂದಿಲ್ಲವೆಂದು ನರ್ಸಮ್ಮ ಅನುಮಾನಪಟ್ಟಳು. ರಾಜಾಜಿನಗರದ ನರ್ಸಿಂಗ್ ಹೋಮೊಂದಕ್ಕೆ ಹೊಸದಾಗಿ ಸ್ಕ್ಯಾನಿಂಗ್ ಮಿಷನ್ ಬಂದಿತ್ತು. ಅಂಜಮ್ಮ, ವೆಂಕಟಸ್ವಾಮಿ, ಮಗ ನಾಗರಾಜು ಎಲ್ಲರೂ ಸೊಸೆಯ ಜೊತೆ ಬಸ್ಸು ಹತ್ತಿದರು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಜನ ಹೋಗಿರಲಿಲ್ಲ.

ಡಾಕ್ಟರಮ್ಮ ಪರದೆಯ ಮೇಲೊಂದು ಕಪ್ಪು ಮಡುವನ್ನು ತೋರಿಸಿ ನಿಧಾನವಾಗಿ ಹೇಳಿದರು.

"ನೋಡಿ ಅಮ್ಮ, ಮಗು ಹೊಟ್ಟೆಯೊಳಗೇ ಉಚ್ಚೆ ಮಾಡುತ್ತೆ. ಆ ನೀರಲ್ಲೇ ಅದು ತೇಲ್ತಾ ಬೆಳೆಯೋದು. ಈ ಮಗುಗೆ ಉಚ್ಚೆ ದಾರಿ ಕಟ್ಕೊಂಡಿದೆ. ಒಳಗೆ ನೀರು ತುಂಬಿ ಕಿಡ್ನಿ ಊದ್ತಾ ಇದೆ, ಹೊರಗೆ ನೀರು ಬತ್ತಿದೆ. ಇದು ಹೆಚ್ಚಾಗಿ ಗಂಡು ಮಕ್ಕಳಲ್ಲೇ ಬರೋದು. ಹೀಗೇ ಬಿಟ್ರೆ ಕಿಡ್ನಿನೂ ಉಳಿಯಲ್ಲ, ಉಸಿರಾಡೋಕೆ ಶ್ವಾಸಕೋಶಾನೂ ಬೆಳೆಯಲ್ಲ."

ಇಷ್ಟು ಮಾತಿನಲ್ಲಿ ವೆಂಕಟಸ್ವಾಮಿಯ ಕಿವಿಗೆ ಬಿದ್ದದ್ದು ಒಂದೇ ಪದ. "ಗಂಡಾ?" ಎಂದು ಮೀಸೆಯ ಮೇಲೆ ಕೈಯಿಟ್ಟ.

"ಉಳಿದ್ರೆ ಗಂಡು," ಎಂದಳು ಅಂಜಮ್ಮ. "ನೀವು ಸುಮ್ನಿರಿ. ಡಾಕ್ಟರಮ್ಮ, ಇದಕ್ಕೆ ಮದ್ದೇನು?"

"ಮಾತ್ರೆ ಇಲ್ಲ ಅಮ್ಮ. ತಾಯಿ ಹೊಟ್ಟೆ ಮೇಲಿಂದ ಉದ್ದ ಸೂಜಿ ಹಾಕಿ, ಮಗುವಿನ ಮೂತ್ರಚೀಲಕ್ಕೆ ಸಣ್ಣ ಕೊಳವೆ ಇಟ್ಟು, ನೀರು ಹೊರಗೆ ಬರೋ ಹಾಗೆ ಮಾಡಬಹುದು. ಲಂಡನ್ನಲ್ಲಿದ್ದಾಗ ನಾನೂ ಕೈ ಜೋಡಿಸಿದೀನಿ. ಆದ್ರೆ ಗ್ಯಾರಂಟಿ ಕೊಡೋಕಾಗಲ್ಲ. ಸೂಜಿಯಿಂದಲೇ ಬಸಿರು ಇಳಿದುಹೋಗಲೂಬಹುದು. ಸುಮ್ನೆ ಕೂತ್ರೆ ಏನಾಗತ್ತೆ ಅನ್ನೋದಕ್ಕೆ ಮಾತ್ರ ಗ್ಯಾರಂಟಿ ಇದೆ. ಈ ವಾರದಲ್ಲೇ ಹೇಳಿಬಿಡಿ."

ನಾಗರಾಜು ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಯಂತ್ರ ನಡೆಸುವವನು. ಮನೆಯಲ್ಲಿ ಮಾತ್ರ ಅಪ್ಪನನ್ನು ಕೇಳದೆ ಫ್ಯಾನಿನ ಸ್ವಿಚ್ಚೂ ಒತ್ತುತ್ತಿರಲಿಲ್ಲ. ಅವನು ಅಪ್ಪನ ಮುಖ ನೋಡಿದ. ಅಪ್ಪ ಛಾವಣಿ ನೋಡಿದ. ಮುನಿಲಕ್ಷ್ಮಿಯ ಮುಖ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಂಜೆಯೊಳಗೆ ಸುದ್ದಿ ಪಾಳ್ಯವನ್ನೆಲ್ಲ ಸುತ್ತಿತು. ಹನುಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದು, ಬಾಗಿಲಲ್ಲಿ ತೆಗೆದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ ಕಣೇ ಅಂಜಮ್ಮ. ಕೂಸನ್ನೇ ಹೊಲಿಯೋರನ್ನ ಈಗಲೇ ಕೇಳ್ತಿರೋದು!"

"ಹೊಲಿಯೋದಲ್ಲ ಕಣಕ್ಕ, ಕೊಳವೆ ಇಡೋದು."

"ಎರಡೂ ಒಂದೇ ಬಿಡು. ನೀರು ಕಮ್ಮಿ ಅಂದ್ರಂತಲ್ಲ? ಎಳನೀರು ಕುಡಿಸು, ಬಾರ್ಲಿ ಕುಡಿಸು."

ಹನುಮಕ್ಕ ಹೋದ ಮೇಲೆ ಬಂದವಳು, ನೀರು ಹೆಚ್ಚಾಗಿ ಕಟ್ಟಿಕೊಂಡಿದೆಯಂತೆ, ತೊಟ್ಟು ನೀರೂ ಕೊಡಬೇಡಿ ಎಂದಳು. ಹೀಗಾಗಿ ಮುನಿಲಕ್ಷ್ಮಿಗೆ ಬೆಳಿಗ್ಗೆ ಚೊಂಬುಗಟ್ಟಲೆ ಎಳನೀರು, ಮಧ್ಯಾಹ್ನ ಒಣಗಿದ ಗಂಟಲು. ಡಾಕ್ಟರಮ್ಮ ಹೇಳಿದ್ದೊಂದನ್ನು ಬಿಟ್ಟು ಮಿಕ್ಕೆಲ್ಲ ಚಿಕಿತ್ಸೆಯೂ ಶಿಸ್ತಾಗಿ ನಡೆಯಿತು.

ವೆಂಕಟಸ್ವಾಮಿ ತೀರ್ಪು ಕೊಟ್ಟ. "ಹುಟ್ಟದೇ ಇರೋ ಕೂಸಿಗೆ ಸೂಜಿ ಚುಚ್ಚೋದು ಪಾಪ. ಶಾಸ್ತ್ರ ಕೇಳೋಣ."

ಶಾಸ್ತ್ರ ದೂರವೇನಿರಲಿಲ್ಲ. ಅವನ ಅಂಗಡಿ ಸಾಲಿನ ಮೂಲೆಯಲ್ಲೇ ಪಂಚಾಕ್ಷರಿ ಕರ್ಪೂರ, ಊದುಬತ್ತಿ ಮಾರುತ್ತಿದ್ದ, ಗಿರಾಕಿ ಇಲ್ಲದಾಗ ಭವಿಷ್ಯ ಹೇಳುತ್ತಿದ್ದ. ಅವನು ಕವಡೆ ಚೆಲ್ಲಿ, ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ತಟ್ಟೆ ನೋಡಿ, ಮತ್ತೆ ಮುಚ್ಚಿದ.

"ನಿಮ್ಮ ಮನೇಲಿ ಏನೋ ಮುಚ್ಕೊಂಡಿದೆ ಯಜಮಾನ್ರೇ. ಅದೇ ಹೋಗಿ ಕೂಸಿನ ದಾರಿಗೆ ಅಡ್ಡ ಕೂತಿದೆ. ಮುಚ್ಚಿದ್ದೆಲ್ಲ ತೆಗೆಯಿರಿ. ಅದರ ದಾರಿ ತಾನಾಗೇ ಬಿಡುತ್ತೆ."

ಮಾತಿಗೆ ಮೂಲವಿಲ್ಲದೆ ಇರಲಿಲ್ಲ. ಹೆರಿಗೆ ನೋವು ಕಟ್ಟಿದಾಗ ಮನೆಯ ಬೀಗ ತೆಗೆದು, ಗಂಟು ಬಿಚ್ಚಿ, ಬಸುರಿಯ ಜಡೆ ಸಡಿಲಿಸುವುದು ಹಿಂದಿನಿಂದ ಬಂದ ಪದ್ಧತಿ. ಒಳಗಿನವರಿಗೆ ದಾರಿ ಬೇಕಾದರೆ ಹೊರಗಿನವರು ಮೊದಲು ತೆರೆದುಕೊಳ್ಳಬೇಕೆಂದು ತಿಳಿದವರು ಯಾರೋ ಮಾಡಿದ್ದು. ಅಂಜಮ್ಮ ಅದನ್ನು ನಂಬಿದವಳೇ. ಹಾಗಾಗಿ ಮುಚ್ಚಿದ್ದನ್ನೆಲ್ಲ ತೆಗೆಯಲು ತಾನೇ ನಿಂತಳು.

ಟ್ರಂಕು, ಬೀರು, ರಾಗಿ ವಾಡೆ ಎಲ್ಲ ಬಾಯಿ ತೆರೆದವು. ಉಪ್ಪಿನಕಾಯಿ ಜಾಡಿಯೊಳಗೆ ಇರುವೆಗಳು ಸಂಸಾರ ಹೂಡಿದವು. ಕೊಟ್ಟಿಗೆಯ ಬಾಗಿಲು ತೆಗೆದದ್ದೇ ತಡ, ಹಸು ಜ್ಞಾನಭಾರತಿಯ ಕಡೆ ಉನ್ನತ ವ್ಯಾಸಂಗಕ್ಕೆ ಹೊರಟುಹೋಯಿತು. ಅದನ್ನು ಹಿಡಿದು ತರಲು ಹೋದ ನಾಗರಾಜು, ಪೆಟ್ರೋಲ್ ಮುಚ್ಚಳ ತೆಗೆದಿಟ್ಟಿದ್ದ ಸ್ಕೂಟರನ್ನು ತಳ್ಳಿಕೊಂಡು ವಾಪಸು ಬಂದ. ವೆಂಕಟಸ್ವಾಮಿ ಭಕ್ತಿಯಿಂದ ಅಂಗಿಯ ಗುಂಡಿಗಳನ್ನೂ ಬಿಚ್ಚಿಕೊಂಡು ಜಗಲಿಯಲ್ಲಿ ಕೂತ. ಬೀದಿನಾಯಿ ಒಳಗೆ ಬಂದು, ಇಂಥ ಧರ್ಮಾತ್ಮರ ಮನೆ ಮೊದಲೇ ಗೊತ್ತಿರಲಿಲ್ಲವಲ್ಲ ಎಂಬಂತೆ ಮುದ್ದೆ ತಿಂದು ಹೋಯಿತು.

ಮುನಿಲಕ್ಷ್ಮಿ ಜಡೆ ಬಿಚ್ಚಿಕೊಂಡು ನಡುಮನೆಯ ಕಂಬಕ್ಕೊರಗಿದ್ದಳು. ಅಂಜಮ್ಮ ಎಣ್ಣೆ ಹಚ್ಚಲು ಹಿಂದೆ ಕೂತಾಗ, ಯಾರಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದಳು. "ಅತ್ತೆ, ಮುಂಚೆ ಒದೀತಾ ಇತ್ತು. ಈಗ ಒದಿಯಲ್ಲ. ಸುಮ್ನೆ ಒರಗ್ಕೊಂಡಿರತ್ತೆ."

ಅಂಜಮ್ಮ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಒಳಗಿನ ಜೀವ ಕೈಗೆ ಒರಗಿತು. ಒದೆಯಲು ಜಾಗವಿಲ್ಲದ್ದು ಒರಗದೆ ಇನ್ನೇನು ಮಾಡೀತು? ಮಳೆಗಾಲದಲ್ಲಿ ಹಿತ್ತಲ ಗೋಡೆಗೆ ಕೈಯಿಟ್ಟಾಗಲೂ ಅವಳಿಗೆ ಹೀಗೇ ಅನ್ನಿಸುತ್ತಿತ್ತು, ಆಚೆ ಕಡೆ ಯಾರೋ ಒರಗಿ ನಿಂತಿದ್ದಾರೆ ಎಂದು. ಅವಳು ಎಣ್ಣೆ ಬಟ್ಟಲು ಕೆಳಗಿಟ್ಟು ಎದ್ದಳು.

"ನಿಂಗೆ ಏನನ್ನಿಸತ್ತೆ ಮಗಾ?" ಆ ವಾರದಲ್ಲಿ ಆ ಪ್ರಶ್ನೆ ಮುನಿಲಕ್ಷ್ಮಿಗೆ ಬಂದದ್ದು ಅದೇ ಮೊದಲು.

"ಚುಚ್ಚಲಿ ಅತ್ತೆ. ನೋವು ನಂಗೆ ತಾನೆ?"

ಅಂಜಮ್ಮ ನೇರ ಪಂಚಾಕ್ಷರಿಯ ಅಂಗಡಿಗೆ ಹೋದಳು.

"ಸ್ವಾಮಿ, ಮುಚ್ಚಿದ್ದೆಲ್ಲ ಅಂದ್ರೆ ಎಲ್ಲಾನೂನಾ?"

"ಎಲ್ಲಾನೂ ತಾಯಿ. ಒಂದು ಬಿಟ್ರೂ ಫಲವಿಲ್ಲ."

"ಹಂಗಾದ್ರೆ ಕಾಲುವೆ ಮುಚ್ಚಿರೋ ಈ ಗೋಡೆ?"

ಪಂಚಾಕ್ಷರಿ ತಾನು ಕೂತ ನೆಲವನ್ನೊಮ್ಮೆ, ಬೆನ್ನಿನ ಹಿಂದಿನ ಗೋಡೆಯನ್ನೊಮ್ಮೆ ನೋಡಿದ. ಕವಡೆಯನ್ನು ಕೇಳುವಷ್ಟು ವ್ಯವಧಾನವೂ ಇರಲಿಲ್ಲ. "ಗೋಡೆ ಸ್ಥಾವರ ತಾಯಿ. ಶಾಸ್ತ್ರದಲ್ಲಿ ಸ್ಥಾವರಕ್ಕೆ ವಿನಾಯಿತಿ ಉಂಟು."

"ಎಲ್ಲಾ ಸ್ಥಾವರಕ್ಕೂನಾ, ಇಲ್ಲಾ ನೀವು ಬಾಡಿಗೆಗಿರೋ ಸ್ಥಾವರಕ್ಕೆ ಮಾತ್ರಾನಾ?"

ಉತ್ತರಕ್ಕೆ ಕಾಯದೆ ಮನೆಗೆ ಬಂದಳು. ಕೊಟ್ಟಿಗೆಯ ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಗಮ್ಮನ ಹೆಸರು ಹೇಳಿ ಹಿತ್ತಲ ಗೋಡೆಯ ಬುಡಕ್ಕೆ ಒಂದೇಟು ಹಾಕಿದಳು. ಕಿಡಿ ಹಾರಿತು. ಅಂಗಡಿ ಕಡೆ ಊದುಬತ್ತಿ ಡಬ್ಬಗಳು ಬಿದ್ದ ಸದ್ದಾಯಿತು. ವೆಂಕಟಸ್ವಾಮಿ ಬಿಚ್ಚಿದ ಗುಂಡಿಯಲ್ಲೇ ಓಡಿ ಬಂದ.

"ಏನೇ ಇದು? ತಲೆ ಕೆಟ್ಟಿದ್ಯಾ?"

"ಮುಚ್ಚಿದ್ದೆಲ್ಲ ತೆಗೀರಿ ಅಂದ್ರಲ್ಲ. ತೆಗೀತಾ ಇದೀನಿ."

"ಇದು ಬೇರೆ ಕಣೇ!"

"ಏನು ಬೇರೆ? ಹಿಂದೆ ತೂಬು ಕಚ್ಕೊಂಡ ವರ್ಷ, ಕೆರೆ ಏರಿ ಒಡೆಯೋ ಮುಂಚೆ ಪಕ್ಕದಲ್ಲಿ ಗಂಡಿ ಹೊಡೆದು ನೀರು ಬಿಟ್ಟೋರು ಯಾರು? ಊರಿಗೆಲ್ಲ ಈಗಲೂ ಹೇಳ್ಕೊಂಡು ತಿರುಗ್ತೀರಲ್ಲ!"

"ನಾನೇ," ಎಂದ ವೆಂಕಟಸ್ವಾಮಿ. ಅಂಥ ಹೊತ್ತಿನಲ್ಲೂ ಎದೆ ಉಬ್ಬಿತು. "ಸ್ವಲ್ಪ ತಡವಾಗಿದ್ರೆ ಊರೇ ಕೊಚ್ಕೊಂಡು ಹೋಗಿರೋದು."

"ಆವತ್ತು ಪಂಚಾಕ್ಷರೀನ ಕೇಳಿದ್ರಾ? ಏರಿಗೆ ನೋವಾಗತ್ತೆ, ಪಾಪ ಅಂದ್ರಾ? ಡಾಕ್ಟರಮ್ಮನೂ ಅದನ್ನೇ ಕಣ್ರೀ ಹೇಳ್ತಿರೋದು. ತೂಬು ಕಟ್ಟಿದೆ, ಪಕ್ಕದಲ್ಲೊಂದು ಗಂಡಿ ಹೊಡೀತೀನಿ ಅಂತ. ಊರ ಕೆರೆಗಾದ್ರೆ ನೀವು ಶೂರರು. ಮನೆ ಕೂಸಿಗೆ ಶಾಸ್ತ್ರ!"

"ಅದು ಮಣ್ಣು, ಇದು ಮಾಂಸ..."

ಅಂಜಮ್ಮ ಮತ್ತೆ ಹಾರೆ ಎತ್ತಿದಳು. "ಹಾರೆ ಹಾಕ್ಲಾ, ಸೂಜಿ ಹಾಕಿಸ್ಲಾ? ಎರಡರಲ್ಲಿ ಒಂದು ಹೇಳಿ."

ವೆಂಕಟಸ್ವಾಮಿ ಗೋಡೆ ನೋಡಿದ, ಅಂಗಡಿ ಸಾಲು ನೋಡಿದ, ಹೆಂಡತಿಯ ತೋಳು ನೋಡಿದ. ವಿಜ್ಞಾನದ ಮೇಲೆ ಅವನಿಗಿದ್ದ ನಂಬಿಕೆ ಆ ಕ್ಷಣದಲ್ಲಿ ಅಶ್ವತ್ಥ ಮರದಂತೆ ಬೆಳೆದು ನಿಂತಿತು.

"ಅಲ್ವೇ, ಲಂಡನ್ನಲ್ಲಿ ಓದಿ ಬಂದೋರು ಸುಮ್ಸುಮ್ನೆ ಹೇಳ್ತಾರೇನೇ? ಲೋ ನಾಗರಾಜ! ಏನೋ ನೋಡ್ತಾ ನಿಂತಿದೀಯ? ಆಟೋ ಕರ್ಕೊಂಡ್ ಬಾರೋ!"

ಅಪ್ಪ ಹೇಳಿದ ಮೇಲೆ ನಾಗರಾಜುವಿಗೂ ಧೈರ್ಯ ಬಂತು. ತನ್ನ ಮನಸ್ಸಿನಲ್ಲೂ ಮೊದಲಿಂದ ಇದ್ದದ್ದು ಅದೇ ಎಂದು ಆಟೋದಲ್ಲಿ ಹೆಂಡತಿಗೆ ಹೇಳಿದ. ಮುನಿಲಕ್ಷ್ಮಿ, ಜಡೆ ಹಾಕಿಕೊಳ್ಳುತ್ತ, ನಂಬಿದಂತೆ ತಲೆಯಾಡಿಸಿದಳು.

ನರ್ಸಿಂಗ್ ಹೋಮಿನ ಬಾಗಿಲು ಮುಚ್ಚಿಕೊಂಡಾಗ ಅಂಜಮ್ಮನ ವ್ಯಂಗ್ಯವೆಲ್ಲ ಹೊರಗೇ ಕಳಚಿ ಬಿತ್ತು. ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದಳು. ದೇವರನ್ನು ಏನು ಕೇಳಬೇಕೆಂದು ತಿಳಿಯಲಿಲ್ಲ. ಸೂಜಿ ಹಿಡಿದ ಕೈಯಲ್ಲಿ ನೀನಿರು ತಾಯಿ, ಎಂದಷ್ಟೇ ಅಂದುಕೊಂಡಳು. ಗಂಗಮ್ಮ ಹರಿಯುವವಳು. ಹರಿಯುವವಳಿಗೆ ಕೆರೆಯಾದರೇನು, ಕೂಸಾದರೇನು? ದಾರಿ ಕೊಡುವವರು ಬೇಕು, ಅಷ್ಟೆ.

ಡಾಕ್ಟರಮ್ಮ ಹೊರಗೆ ಬಂದು ಕರೆದರು. ಪರದೆಯ ಮೇಲೆ ಆ ಕಪ್ಪು ಮಡು ಕುಗ್ಗಿತ್ತು. "ಇವತ್ತಿಗೆ ಸರಿಹೋಗಿದೆ ಅಮ್ಮ. ಮುಂದಿಂದು ನೋಡ್ತಾ ಹೋಗೋಣ," ಎಂದರು. ಹಾಗೆ ನೋಡುತ್ತ ನೋಡುತ್ತ ದಿನ ಕಳೆದವು. ಕೂಸು ಮತ್ತೆ ಒದೆಯಿತು. ತುಸು ಅವಸರಪಟ್ಟು, ಬೆಕ್ಕಿನಮರಿಯಷ್ಟಿದ್ದರೂ ದೊಡ್ಡ ದನಿ ತೆಗೆದು ಹುಟ್ಟಿತು. ದಾರಿಗೆ ಅಡ್ಡವಿದ್ದ ಪೊರೆಯನ್ನು ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ತೆಗೆದರು. ಒಂದು ಕಿಡ್ನಿ ಸೋತಿದೆ, ಇನ್ನೊಂದು ಗಟ್ಟಿಯಾಗಿದೆ, ವರ್ಷವರ್ಷ ತೋರಿಸುತ್ತಿರಿ ಎಂದರು. ಪಾಳ್ಯದಲ್ಲಿ ಮಾತ್ರ ಕೀರ್ತಿಯೆಲ್ಲ ಪಂಚಾಕ್ಷರಿಗೆ ಸಂದಿತು. ಮುಚ್ಚಿದ್ದೆಲ್ಲ ತೆಗೆಸಿದ್ದು ಅವನೇ ತಾನೆ! ಕರ್ಪೂರದ ವ್ಯಾಪಾರವೂ ಕುದುರಿತು.

ನಾಮಕರಣದ ದಿನ ವೆಂಕಟಸ್ವಾಮಿ ಜರಿ ಪಂಚೆ ಉಟ್ಟು ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಬಂದವರಿಗೆಲ್ಲ ತಾನು ಹೇಗೆ ಧೈರ್ಯ ಮಾಡಿ ಸೂಜಿ ಹಾಕಿಸಿದೆನೆಂದು ವಿವರಿಸುತ್ತಿದ್ದ. ಕತೆ ಲಂಡನ್ನಿಗೆ ಬರುವಷ್ಟರಲ್ಲಿ ಮೊಮ್ಮಗ ಕಾಲು ಎತ್ತಿ ಬಿಟ್ಟ ಧಾರೆ, ಕಮಾನು ಕಟ್ಟಿ, ತಾತನ ಮೀಸೆಯನ್ನು ತೋಯಿಸಿ, ಜರಿ ಪಂಚೆಯ ಮೇಲೆ ಇಳಿಯಿತು.

ಅಂಜಮ್ಮನ ಕಣ್ಣು ತುಂಬಿ ಬಂತು.

"ಕೋಡಿ ಬಿತ್ತು ಕಣ್ರೇ!" ಎಂದು ಕೂಗಿದಳು. "ಮುನಿಲಕ್ಷ್ಮಿ, ಮೊರ ತಗೊಂಡ್ ಬಾ! ಬಾಗಿನ ಕೊಡಬೇಕು!"

ಕೆರೆ ಕೋಡಿ ಬಿದ್ದರೆ ಗಂಗಮ್ಮನಿಗೆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಬಾಗಿನ ಬಿಡುವುದು ನೀರಗಂಟಿ ಮನೆಯವರ ಹಕ್ಕು. ಬಿಡಲು ಕೆರೆಯೆಲ್ಲಿದೆ? ಬಸ್ಸು ತಿರುಗುವ ಜಾಗದಲ್ಲಿ ಇಟ್ಟರೆ ಕಂಡಕ್ಟರು ಟಿಕೆಟ್ ಕೇಳಿಯಾನು. ಅಂಜಮ್ಮ ಮೊರ ಹಿಡಿದು ಹಿತ್ತಲಿಗೆ ನಡೆದಳು. ಹಾರೆಯ ಗುರುತಿದ್ದ ಕಡೆ ಅದನ್ನಿಟ್ಟು ಕೈಮುಗಿದಳು. ಮೀಸೆ ಒರೆಸಿಕೊಳ್ಳುತ್ತ ವೆಂಕಟಸ್ವಾಮಿ ಹಿಂದೆಯೇ ಬಂದ.

"ಗೋಡೆಗೆ ಯಾಕೇ ಪೂಜೆ?"

"ಗೋಡೆಗಲ್ಲ. ಆಚೆ ಒರಗಿ ನಿಂತಿದಾಳಲ್ಲ, ಅವಳಿಗೆ."

ವೆಂಕಟಸ್ವಾಮಿ ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋಗಿ ಪಂಚೆ ಬದಲಾಯಿಸಿದ.

ಮಾರನೇ ದಿನ ಅವನೇ ಕರೆಸಿದ ಗಾರೆ ಕೆಲಸದವನು ಬಂದು ಗೋಡೆಯ ಬುಡದಲ್ಲಿ ಕಲ್ಲು ಕಿತ್ತು, ಅಂಗಡಿಗಳ ಅಡಿಯಲ್ಲಿ ಕೊಳವೆ ಹಾಯಿಸಿ ಬೀದಿಯ ಮೋರಿಗೆ ಬಿಟ್ಟ. ಪಂಚಾಕ್ಷರಿ ಗಾಬರಿಯಾಗಿ ಬಂದು ಇದು ಯಾತಕ್ಕೆಂದು ಕೇಳಿದ.

"ಬೆಕ್ಕು ಓಡಾಡ್ಲಿ ಅಂತ," ಎಂದ ನೀರಗಂಟಿ, ನೀರಿನ ಹೆಸರೆತ್ತದೆ.